ಮೇಲೆ ಥಳಕು, ಒಳಗೆ ಹುಳುಕು

ಹೋದ ತಿಂಗಳು ನಮ್ಮ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳ ಸಭೆ ಸೇರಿತ್ತು. ಬೆಂಗಳೂರು, ದಾವಣಗೆರೆಗಳಲ್ಲಿ ನೆಲೆ ಕಂಡಿರುವ ಹುಡುಗರು ತಾವು ಕಲಿತ ಶಾಲೆಗೆ ಏನಾದರೂ ಮಾಡಬೇಕೆಂದು ಬಂದಿದ್ದರು. ಅಂಗಳದ ಬೇವಿನ ಮರದ ಪಕ್ಕದಲ್ಲಿ ಮಕ್ಕಳು ಕೂತು ಓದಲು, ಬಿಸಿಯೂಟ ಉಣ್ಣಲು ಒಂದು ಮರದ ಜಗಲಿ ಕಟ್ಟಿಸಿಕೊಡುತ್ತೇವೆ ಎಂದರು. ಅದಕ್ಕೆ ಈಗ ಡೆಕ್ ಅನ್ನುತ್ತಾರಂತೆ. ಹೆಸರು ಏನಾದರೂ ಇರಲಿ, ಬಯಲಿನಲ್ಲಿ, ಬಿಸಿಲು ಮಳೆಗೆ ಮೈಯೊಡ್ಡಿ ಬಿದ್ದಿರುವ ಹಲಗೆಯ ಹಾಸು ಅದು. ನುಣುಪು ಹಾಳೆಯ ಪುಸ್ತಕವೊಂದು ಕೈಯಿಂದ ಕೈಗೆ ದಾಟಿತು. ಎಲ್ಲರೂ ಬಣ್ಣ ನೋಡಿದರು, ಹೊಳಪು ನೋಡಿದರು. "ಇದು ಯಾವ ಮರ?" ಎಂದು ನಾನು ಕೇಳಿದೆ. ನನ್ನ ಹಳೆಯ ಶಿಷ್ಯನೊಬ್ಬ ಬಹಳ ವಿನಯದಿಂದಲೇ ಹೇಳಿದ: "ಮರದ್ದೇನು ಬಿಡಿ ಟೀಚರ್, ಫಿನಿಶಿಂಗ್ ನೋಡಿ."

ಈ ಒಂದು ಮಾತಿನ ಮೇಲೆ ನನ್ನ ಜಗಳ.

ನಾನು ಇಂಜಿನಿಯರ್ ಅಲ್ಲ. ಕನ್ನಡ, ಸಮಾಜ ವಿಜ್ಞಾನ ಹೇಳಿಕೊಂಡು ಬಂದ ಬಿ.ಎ., ಬಿ.ಎಡ್. ಟೀಚರು. ನಿವೃತ್ತಿಗೆ ಇನ್ನು ಮೂರು ವರ್ಷ ಇದೆ. ಮರದ ಬಗ್ಗೆ ಮಾತಾಡಲು ನಿನಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ, ದಂಡ ತೆತ್ತವರ ಅಧಿಕಾರ ಎನ್ನುತ್ತೇನೆ.

2019ರಲ್ಲಿ ಹೊನ್ನಾಳಿಯಲ್ಲಿ ನಾವು ಮನೆ ಕಟ್ಟಿಸಿದೆವು. ಹಿತ್ತಲಿನ ಕಡೆಗೆ ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ಮರದ ಜಗಲಿ ಬೇಕೆಂದು ಹಟ ಹಿಡಿದವಳು ನಾನೇ. ಅಂಗಡಿಯಲ್ಲಿ ತಿಳಿಹಳದಿ ಹಲಗೆ ತೋರಿಸಿ, "ಸಾಗವಾನಿಗಿಂತ ಏನೂ ಕಡಿಮೆಯಿಲ್ಲ, ಔಷಧ ಕುಡಿಸಿದ್ದು" ಎಂದರು. ಔಷಧ ಯಾವುದು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಪಾಲಿಶ್‌ನವನು ಮೂರು ಕೋಟು ವಾರ್ನಿಶ್ ಬಳಿದ. ಗೃಹಪ್ರವೇಶದ ದಿನ ಬಂದವರೆಲ್ಲ ಅದರ ಮೇಲೆ ಮುಖ ನೋಡಿಕೊಂಡರು. ನನ್ನ ಅತ್ತೆಯೊಬ್ಬರೇ, "ಏನ್ ಹೊಳಪೋ ತಾಯಿ, ಕಾಲಿಟ್ರೆ ಜಾರ್ತೈತೆ" ಎಂದದ್ದು. ಹಳೇ ಕಾಲದವರು ಅಂದುಕೊಂಡು ನಕ್ಕೆ.

ಮೊದಲ ಮಳೆಗಾಲಕ್ಕೆ ಅಲ್ಲಲ್ಲಿ ಬಿಳಿಯ ಮಚ್ಚೆ ಎದ್ದಿತು. ಎರಡನೆಯದಕ್ಕೆ ವಾರ್ನಿಶ್ ಹಾವಿನ ಪೊರೆಯಂತೆ ಸುಲಿಯಿತು. ನಾನು ಅದರ ಮೇಲೇ ಇನ್ನೊಂದು ಕೋಟು ಬಳಿಸಿ ಗಾಯ ಮುಚ್ಚಿದೆ. 2022ರ ಆಗಸ್ಟಿನಲ್ಲಿ ಒಂದು ಸಂಜೆ ಅತ್ತೆ ಮೊರ ಹಿಡಿದು ಅವರೆಕಾಳು ಹಸನು ಮಾಡಲು ಹೋದವರು ಎರಡನೆಯ ಹಲಗೆಯ ಮೇಲೆ ಕಾಲಿಟ್ಟರು. ಹಲಗೆ ಲಟಕ್ಕನೆ ಮುರಿಯಲಿಲ್ಲ, ನೆನೆದ ರೊಟ್ಟಿಯಂತೆ ಸದ್ದಿಲ್ಲದೆ ಒಳಗೆ ಹೋಯಿತು. ಮೇಲೆ ಇನ್ನೂ ಹೊಳಪಿತ್ತು, ಕೆಳಗೆ ಬೂಷ್ಟು. ತೊಡೆಯ ಮೂಳೆ ಮುರಿಯಿತು. ಅಂದಿನಿಂದ ಅವರು ಕೋಲು ಬಿಟ್ಟು ನಡೆದಿಲ್ಲ. 'ಮೇಲೆ ಥಳಕು, ಒಳಗೆ ಹುಳುಕು' ಎಂಬ ಗಾದೆಯನ್ನು ವರ್ಷವರ್ಷವೂ ಕಪ್ಪು ಹಲಗೆಯ ಮೇಲೆ ಬರೆದು ವಿಸ್ತರಿಸಲು ಹೇಳಿದವಳಿಗೆ ಅದರ ಅರ್ಥ ತಿಳಿದದ್ದು ಹಾಗೆ. ಅಂಗಡಿಯವರನ್ನು ಬೈದೆ, ಪಾಲಿಶ್‌ನವನನ್ನು ಬೈದೆ. ಆದರೆ ಮರ ಯಾವುದೆಂದು ಕೇಳದೆ ಹೊಳಪಿಗೆ ದುಡ್ಡು ಕೊಟ್ಟವಳು ನಾನಲ್ಲವೇ?

ನಾಚಿಕೆಯಾಗಲು ಇನ್ನೊಂದು ಕಾರಣವೂ ಇತ್ತು. ಈ ಪಾಠವನ್ನು ನನಗೆ ಇಪ್ಪತ್ತೈದು ವರ್ಷ ಮೊದಲೇ ಒಬ್ಬರು ಹೇಳಿಕೊಟ್ಟಿದ್ದರು. ನನ್ನ ಮೊದಲ ನೌಕರಿ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗದಲ್ಲಿದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗಿ ಮೂರೂ ಒಂದು ಸೂರಿನಡಿ ಬಂದವು. ಆಮೇಲೆ ಹೊನ್ನಾಳಿಯಿಂದ ನ್ಯಾಮತಿ ಸಿಡಿದು ಬೇರೆ ತಾಲ್ಲೂಕಾಯಿತು. ನಾನು ವರ್ಗವಾದದ್ದಕ್ಕಿಂತ ಹೆಚ್ಚಾಗಿ ನಮ್ಮ ತಾಲ್ಲೂಕುಗಳೇ ವರ್ಗವಾಗಿವೆ.

ಜಗಳೂರಿನ ಆ ಹಳ್ಳಿಯಲ್ಲಿ ನನ್ನ ಬಾಡಿಗೆ ಮನೆಯ ಎದುರಿಗೆ ಗಾಡಿ ಮಾಡುವ ಆಚಾರ್ರ ಕೊಟ್ಟಿಗೆ. ಗಾಡಿ ಎಂದರೆ ಹೊರಗಿನ ಮರವೇ ಅಲ್ಲವೇ? ಅದು ಮಲಗುವುದು ಅಂಗಳದಲ್ಲಿ, ದುಡಿಯುವುದು ಕೆಸರಲ್ಲಿ, ಒಣಗುವುದು ಏಪ್ರಿಲ್ ಬಿಸಿಲಲ್ಲಿ. ಆಚಾರ್ರು ಚಕ್ರದ ನಡುವಿನ ಗುಂಬಕ್ಕೆ ಕರಿಜಾಲಿಯನ್ನೇ ಆರಿಸುತ್ತಿದ್ದರು. ದಿಮ್ಮಿ ಕೊಯ್ದಾಗ ನನ್ನನ್ನು ಕರೆದು ತೋರಿಸಿದ್ದರು. ನಡುವೆ ಕಡುಕಂದು ಬಣ್ಣದ ಕೆಚ್ಚು, ಸುತ್ತ ಬೆಳ್ಳಗಿನ ಪದರ. "ಟೀಚರಮ್ಮ, ಈ ಬಿಳಿದು ಹುಳದ ಊಟ, ಈ ಕಪ್ಪಂದು ನಮ್ಮ ಊಟ" ಎಂದು ಬಿಳಿಯ ಭಾಗವನ್ನೆಲ್ಲ ಬಾಚಿಯಿಂದ ಕೆತ್ತಿ ಒಲೆಗೆ ಎಸೆದರು. ಕಡಿದ ದಿಮ್ಮಿಯನ್ನು ಅವರು ತಿಂಗಳುಗಟ್ಟಲೆ ಕೆರೆಯ ನೀರಿನಲ್ಲಿ ಮುಳುಗಿಸಿಡುತ್ತಿದ್ದರು. ಹುಳಕ್ಕೆ ಹಿತವಾದ ಸತ್ವ ನೀರಿಗೆ ಬಿಟ್ಟುಹೋಗಲಿ ಎಂದು. ಆಮೇಲೆ ನೆರಳಲ್ಲಿ ಒಣಗಿಸಿ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಹೊಳಪಿನ ಮಾತನ್ನು ಆ ಕೊಟ್ಟಿಗೆಯಲ್ಲಿ ಒಂದು ದಿನವೂ ಕೇಳಲಿಲ್ಲ.

ಇದು ಹಳ್ಳಿಯ ಕಟ್ಟುಕತೆಯಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾಗಿ 1988ರಲ್ಲಿ ಈ ರೂಪ ಪಡೆಯಿತು. ಇಂಥ ಕಡೆ ಮರದ ಬಾಳಿಕೆ ಅಳೆಯುವ ರೀತಿ ಬಹಳ ಸರಳ. ಗೂಟಗಳನ್ನು ಅರ್ಧ ಮಣ್ಣಿನಲ್ಲಿ ಹೂತು, ಗೆದ್ದಲು ಬೂಷ್ಟುಗಳಿಗೆ ಒಪ್ಪಿಸಿ, ಎಷ್ಟು ದಿನ ತಡೆಯುತ್ತದೆ ಎಂದು ಕಾಯುವುದು. ಸರಾಸರಿ 120 ತಿಂಗಳು ಅಥವಾ ಹೆಚ್ಚು ತಡೆದರೆ ಮೊದಲ ದರ್ಜೆ, 60ರಿಂದ 120 ತಿಂಗಳಾದರೆ ಎರಡನೆಯದು, 60ಕ್ಕಿಂತ ಕಡಿಮೆಯಾದರೆ ಮೂರನೆಯದು. ಸಾಗವಾನಿಯ ಕೆಚ್ಚು ಮೊದಲ ದರ್ಜೆಯಲ್ಲಿ ಪಾಸಾಗುತ್ತದೆ. ಮಾವು, ಬೂರುಗ, ಉತ್ತರದ ಚೀಡ್ ಪೈನ್ ಮೂರನೆಯದರಲ್ಲಿ ಕೂರುತ್ತವೆ. ಆದರೆ ಈ ಅಂಕಗಳೆಲ್ಲ ಕೆಚ್ಚಿಗೆ ಮಾತ್ರ. ಬಿಳಿಯ ಪದರ ಸಾಗವಾನಿಯದಾದರೂ ಸರಿ, ಬೇರೆಯದಾದರೂ ಸರಿ, ಬೇಗ ಹೋಗುವಂಥದ್ದೇ. ಎಳೆಯದರಲ್ಲೇ ಕಡಿದ ತೋಟದ ಸಾಗವಾನಿಯಲ್ಲಿ ಆ ಬಿಳಿಯ ಪಾಲು ಹೆಚ್ಚು. ಸಾಗವಾನಿ ಎಂದು ಬೋರ್ಡು ಹಾಕಿದ ಮಾತ್ರಕ್ಕೆ ನಂಬಬಾರದು ಎನ್ನುವುದು ಇದಕ್ಕೇ.

ಇನ್ನೊಂದು ಮಾತು. ಒಂದೇ ಜಿಲ್ಲೆಯಾದರೂ ನಮ್ಮ ನಾಲ್ಕು ತಾಲ್ಲೂಕುಗಳ ಆಕಾಶ ಒಂದಲ್ಲ. ಜಗಳೂರಿನಲ್ಲಿ ಮರದ ವೈರಿ ಬಿಸಿಲು ಮತ್ತು ಗೆದ್ದಲು. ಅಲ್ಲಿ ಹಲಗೆ ಸೀಳುತ್ತದೆ. ಮಲೆನಾಡಿನ ಸೆರಗಾದ ನ್ಯಾಮತಿಯಲ್ಲಿ, ಹೊಳೆದಂಡೆಯ ಹೊನ್ನಾಳಿಯಲ್ಲಿ ಮರದ ವೈರಿ ನಿಂತ ನೀರು. ಅಲ್ಲಿ ಹಲಗೆ ಕೊಳೆಯುತ್ತದೆ. ಚನ್ನಗಿರಿಯಲ್ಲಿ ನಾನಿದ್ದ ಆರು ವರ್ಷ ಅಡಿಕೆ ತೋಟದವರು ದಬ್ಬೆಯಿಂದ ಬೆಂಚು, ಅಟ್ಟಣಿಗೆ ಮಾಡಿಕೊಳ್ಳುವುದನ್ನು ನೋಡಿದ್ದೇನೆ. ಹಳೆಯ ಅಡಿಕೆ ಮರ ಸೀಳಿ, ಒಳಗಿನ ಮೆತ್ತನೆಯ ತಿರುಳು ಕೆರೆದು, ಗಟ್ಟಿಯಾದ ಹೊರಭಾಗ ಉಳಿಸಿಕೊಳ್ಳುತ್ತಾರೆ. ಜಾಲಿಗೆ ಒಳಗಿನದು ಗಟ್ಟಿ, ಅಡಿಕೆಗೆ ಹೊರಗಿನದು ಗಟ್ಟಿ. ಮಳೆಗೆ ಬಿಟ್ಟರೆ ದಬ್ಬೆ ಕೆಲವೇ ವರ್ಷದ ಮಾತು. ಅದು ಅವರಿಗೂ ಗೊತ್ತು. ಹೋದರೆ ಹೋಯಿತು, ತೋಟದಲ್ಲಿ ಇನ್ನೊಂದು ಬಿದ್ದಿರುತ್ತದೆ. ಅಲ್ಪಾಯುಷಿಯನ್ನು ಅಲ್ಪಾಯುಷಿ ಎಂದು ತಿಳಿದು ಬಳಸುವುದರಲ್ಲಿ ತಪ್ಪಿಲ್ಲ. ಚಿರಂಜೀವಿ ಎಂದು ಹೇಳಿ ಮಾರುವುದರಲ್ಲಿ ತಪ್ಪಿದೆ.

ಇನ್ನು ಬಳಿಯುವುದರ ವಿಚಾರ. ವಾರ್ನಿಶ್ ಮರದ ಮೇಲೆ ಒಂದು ತೆಳು ಪರದೆ ಕಟ್ಟುತ್ತದೆ. ಮನೆಯೊಳಗಿನ ಕುರ್ಚಿಗೆ, ಮಂಚಕ್ಕೆ ಅದು ಚೆನ್ನ. ಹೊರಗೆ ಹಾಗಲ್ಲ. ಮಳೆಗೆ ಹಲಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಪರದೆಯನ್ನು ದಾಟಿ, ಮರದ ನಾರುಗಳನ್ನು ಹಿಡಿದಿರುವ ಲಿಗ್ನಿನ್ ಎಂಬ ಅಂಟನ್ನೇ ಮೇಲ್ಮೈಯಲ್ಲಿ ಸಡಿಲಿಸುತ್ತದೆ. ಪರದೆ ಒಂದು ಕಡೆ ಬಿರಿದರೆ ಸಾಕು, ನೀರು ಒಳಗೆ ಹೋಗಲು ದಾರಿ ಸಿಕ್ಕಿತು, ಹೊರಗೆ ಬರಲು ಸಿಗಲಿಲ್ಲ. ಬೂಷ್ಟು ಮನೆ ಮಾಡುವುದು ಅಲ್ಲಿ. ಇನ್ನು ಅರಗಿನ ಫ್ರೆಂಚ್ ಪಾಲಿಶ್ ಅಂತೂ ನೀರು ತಾಗಿದರೆ ಬೆಳ್ಳಗಾಗುತ್ತದೆ. ಅದನ್ನು ಅಂಗಳಕ್ಕೆ ಹಚ್ಚುವವರಿಗೆ ಕೈಮುಗಿಯಬೇಕು.

ಎಣ್ಣೆ ಹಾಗಲ್ಲ. ಕಾಯಿಸಿ ಸಿದ್ಧಮಾಡಿದ ಅಗಸೆ ಎಣ್ಣೆಗೆ ಸ್ವಲ್ಪ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿದರೆ ಅದು ಒಳಗಿಳಿದು ಅಲ್ಲೇ ಗಟ್ಟಿಯಾಗುತ್ತದೆ. ಅರ್ಧ ಗಂಟೆ ಬಿಟ್ಟು, ಹೀರದೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ಇಲ್ಲವಾದರೆ ಅಂಟಂಟು. ಒಂದು ಎಚ್ಚರಿಕೆ: ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ತನ್ನಷ್ಟಕ್ಕೆ ತಾನೇ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಬಯಲಲ್ಲಿ ಹರವಿ ಒಣಗಿಸಬೇಕು. ಹೊಂಗೆ ಎಣ್ಣೆಯೇ ಸಾಕಲ್ಲ ಎನ್ನುವವರಿದ್ದಾರೆ. ಕಹಿಗೆ ಹುಳ ಹೆದರೀತು, ಆದರೆ ಅದು ಒಣಗುವ ಎಣ್ಣೆಯಲ್ಲ, ಕೂತವರ ಸೀರೆಗೆ ಹತ್ತುತ್ತದೆ. ಕರಾವಳಿ, ಮಲೆನಾಡಿನವರು ತೊಲೆಗಳಿಗೆ ಹಚ್ಚುತ್ತಿದ್ದ ಗೇರೆಣ್ಣೆ ಗೆದ್ದಲಿಗೆ ಗಟ್ಟಿ ಮದ್ದು. ಆದರೆ ಹಸಿಯಿದ್ದಾಗ ಚರ್ಮ ಸುಡುತ್ತದೆ. ಅದನ್ನು ಅಡಿಯ ತೊಲೆಗಳಿಗೆ ಇಡಿ, ಮಕ್ಕಳು ಕೂರುವ ಕಡೆ ಬೇಡ. ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿಯುವ ಚಾಳಿಯಂತೂ ಬೇಡವೇ ಬೇಡ. ಅದು ಮಳೆಗೆ ತೊಳೆದು ಸೇರುವುದು ನಮ್ಮ ಬಾವಿಗೇ.

"ಎಣ್ಣೆಯಾದರೆ ವರ್ಷ ವರ್ಷ ಹಚ್ಚಬೇಕಲ್ಲ" ಎನ್ನುತ್ತಾರೆ. ಹೌದು, ಹಚ್ಚಬೇಕು. ಯುಗಾದಿಗೆ ಒಂದು ಸಲ, ದೀಪಾವಳಿಗೆ ಒಂದು ಸಲ. ನಾವು ಎಣ್ಣೆನೀರು ಹಾಕಿಕೊಳ್ಳುವ ಹಬ್ಬದಲ್ಲೇ ಹಲಗೆಗೂ ಒಂದು ಅಭ್ಯಂಜನ. ವಾರ್ನಿಶ್ ಹೋದರೆ ಕೆರೆದು, ಉಜ್ಜಿ, ಮೊದಲಿನಿಂದ ಬಳಿಯಲು ಆಳು ಬೇಕು. ಎಣ್ಣೆ ಮಾಸಿದರೆ ಹೆಂಗಸೊಬ್ಬಳು ಒಂದು ಬೆಳಿಗ್ಗೆ ಹಳೇ ಪಂಚೆ ಹಿಡಿದು ಕೂತರೆ ಮುಗಿಯಿತು. ನಮ್ಮ ಕೈಯಿಂದ ರಿಪೇರಿಯಾಗುವಂಥದ್ದೇ ನಮ್ಮ ಮನೆಗೆ ಸರಿ.

ಎಣ್ಣೆ ಹಚ್ಚಿದ ಮರವೂ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ ಎಂಬ ದೂರು ಇದೆ. ನನ್ನ ತಲೆಯೂ ತಿರುಗಿದೆ, ಆದರೂ ಪಾಠ ಮಾಡುತ್ತಿದ್ದೇನೆ. ಮರ ನರೆಯುವುದು ಬೇರೆ, ಕೊಳೆಯುವುದು ಬೇರೆ. ನರೆ ಮೇಲ್ಮೈಯದು, ಕೊಳೆತ ಒಳಗಿನದು. ಚೂರಿಯ ಮೊನೆ ಚುಚ್ಚಿ ನೋಡಿ. ಗಟ್ಟಿಯಿದ್ದರೆ ಬಣ್ಣದ ಚಿಂತೆ ಬಿಡಿ. ವಾರ್ನಿಶ್ ಮಾಡುವ ದೊಡ್ಡ ಅನ್ಯಾಯ ಇದೇ: ಕೊಳೆತದ್ದನ್ನೂ ಕಾಣಗೊಡುವುದಿಲ್ಲ. ಹೊಳಪಿಲ್ಲದ ಹಲಗೆಯಾಗಿದ್ದರೆ ನನ್ನ ಅತ್ತೆಯ ಕಣ್ಣು ಅವರನ್ನು ಕಾಪಾಡುತ್ತಿತ್ತು.

ಈಗ ಆ 'ಔಷಧ'. ಮರಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ದ್ರಾವಣ ಕುಡಿಸುವ ವಿಧಾನವನ್ನು 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದವರು ನಮ್ಮ ದೇಶದವರೇ ಆದ ಸೋಂಟಿ ಕಾಮೇಶನ್. ವಿದ್ಯುತ್ ಕಂಬ, ರೈಲು ಹಳಿಯಂಥ ಕಡೆ ಅದು ಬಹಳ ಉಪಕಾರ ಮಾಡಿತು, ಪ್ರಪಂಚಕ್ಕೆಲ್ಲ ಹರಡಿತು. ಆದರೆ ಆರ್ಸೆನಿಕ್ ಎಂದರೆ ಪಾಷಾಣ. ಅಮೆರಿಕದಲ್ಲಿ ಮನೆಯ ಜಗಲಿ, ಮಕ್ಕಳ ಆಟದ ಜಾಗಗಳ ಮರಕ್ಕೆ ಅದನ್ನು ಕುಡಿಸುವುದನ್ನು 2003ರ ಕೊನೆಗೆ ತಯಾರಕರೇ ನಿಲ್ಲಿಸಿದರು. ಬೇರೆ ಔಷಧಗಳೂ ಇವೆ, ಎಲ್ಲವೂ ಪಾಷಾಣವಲ್ಲ. ಅದಕ್ಕೇ ಯಾವುದು ಎಂದು ಕೇಳಬೇಕು, ಬರೆಸಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಉಳಿದ ತುಂಡು ಹೋಗುವುದೆಲ್ಲಿಗೆ? ಬಚ್ಚಲ ಒಲೆಗೆ. ಬೂದಿ ಹೋಗುವುದೆಲ್ಲಿಗೆ? ಕರಿಬೇವಿನ ಬುಡಕ್ಕೆ, ಪಾತ್ರೆ ತಿಕ್ಕಲಿಕ್ಕೆ. ಪಾಷಾಣ ಹೀರಿದ ಮರದ ಹೊಗೆಯೂ ವಿಷ, ಬೂದಿಯೂ ವಿಷ. ಬಿಸಿಯೂಟದ ತಟ್ಟೆ ಇಡುವ ಜಾಗಕ್ಕೆ ಹೆಸರಿಲ್ಲದ ಔಷಧದ ಹಲಗೆ ಹಾಸುವುದಕ್ಕೆ ನಾನು ಒಪ್ಪುವುದಿಲ್ಲ. ಇಷ್ಟೇ ಸಾಕು ಆ ಸಭೆಯ ಪುಸ್ತಕ ಮುಚ್ಚಲು.

ಎದುರು ಮಾತುಗಳೂ ಉಂಟು. ಮರದ ಹೊಟ್ಟು, ಪ್ಲಾಸ್ಟಿಕ್ ಕಲಸಿ ಎರಕ ಹೊಯ್ದ ಹಲಗೆ ಹಾಕಿದರೆ ಗೆದ್ದಲಿಲ್ಲ, ಎಣ್ಣೆಯಿಲ್ಲ ಎಂದು ಒಬ್ಬರು. ಸರಿ, ಆದರೆ ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಿಡಿ, ಆಮೇಲೆ ಮಾತಾಡೋಣ. ಸೀಳಿದರೆ ನಮ್ಮೂರ ಬಡಗಿಯ ಕೈಗೂ ಅದು ಬಗ್ಗುವುದಿಲ್ಲ. ಕಲ್ಲು ಚಪ್ಪಡಿ ಹಾಕಿಬಿಡಿ ಎಂದು ಇನ್ನೊಬ್ಬರು. ಅವರ ಮೇಲೆ ನನಗೆ ಜಗಳವಿಲ್ಲ. ನೀರು ನಿಲ್ಲುವ ಕಡೆ ಕಲ್ಲೇ ವಾಸಿ. ಮರ ಬೇಕೆಂದವರು ಮರವನ್ನು ತಿಳಿದು ಹಾಕಿ ಎನ್ನುವುದಷ್ಟೇ ನನ್ನ ವಾದ. ಮೂರನೆಯವರು ಕಿವಿಯ ಹತ್ತಿರ ಬಂದು, "ಉಬ್ರಾಣಿ ಕಡೆಯಿಂದ ಹೊನ್ನೆ ಕೊಡಿಸಲಾ?" ಎನ್ನುತ್ತಾರೆ. ಇವರಿಂದ ದೂರವಿರಬೇಕು. ಕಾಡಿನ ಮರಕ್ಕೆ ರಸೀದಿಯಿಲ್ಲದಿದ್ದರೆ ಅದು ಕಳ್ಳಮಾಲು. ಜಗಳೂರಿನ ರಂಗಯ್ಯನದುರ್ಗದ ಕಾಡು 2011ರಿಂದ ಕೊಂಡುಕುರಿಗಳ ಅಭಯಾರಣ್ಯ. ನಮ್ಮ ಜಗಲಿಗೆಂದು ಅವುಗಳ ನೆರಳು ಕೀಳುವುದು ಯಾವ ನ್ಯಾಯ? ಸ್ವಂತ ಹೊಲದ ಮರಕ್ಕೂ 1976ರ ಮರ ಸಂರಕ್ಷಣಾ ಕಾಯಿದೆ ಇದೆ. ನೀಲಗಿರಿ, ಸಿಲ್ವರ್ ಓಕ್, ತೆಂಗಿನಂಥ ಕೆಲವನ್ನು ಬಿಟ್ಟರೆ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಕಡಿಯಬೇಕು.

ಹಾಗಾದರೆ ಒಳ್ಳೆಯ ಮರ ಎಲ್ಲಿದೆ? ನಮ್ಮ ಕಣ್ಣೆದುರಿಗೇ ಇದೆ. ಊರೂರಲ್ಲಿ ಹಳೆಯ ಮನೆ ಕೆಡವುತ್ತಿದ್ದಾರೆ. ನೂರು ವರ್ಷ ಒಣಗಿದ ತೊಲೆ, ಕಂಬಗಳು ಸೌದೆ ರೇಟಿಗೆ ಲಾರಿ ಹತ್ತುತ್ತಿವೆ. ಆ ದುಡ್ಡಿನಲ್ಲಿ ನಾವು ಹೊಳೆಯುವ ಪೈನ್ ತರುತ್ತಿದ್ದೇವೆ! 2023ರಲ್ಲಿ ನ್ಯಾಮತಿಯ ಹತ್ತಿರ ಹಾಗೆ ಕೆಡವಿದ ಮನೆಯ ಮೂರು ತೊಲೆ ಕೊಂಡೆ. ಬಡಗಿ ಒಂದು ಚಕ್ಕೆ ಕೆತ್ತಿ ಲೋಟದ ನೀರಿಗೆ ಹಾಕಿದ. ನೀರು ಕಂದು ಹಳದಿಗೆ ತಿರುಗಿತು. "ಹೊನ್ನೆ" ಎಂದ. ಮೊದಲು ಕೊಟ್ಟಿದ್ದಕ್ಕಿಂತ ಕಡಿಮೆ ದುಡ್ಡಿಗೆ ಮೂರೂ ಬಂದವು. ಹಳೇ ಮೊಳೆ ಕಿತ್ತು, ಕೊಯ್ಸಿ, ಬಿಳಿಯ ಅಂಚು ತೆಗೆಸಿದೆ. ಅಡಿಯ ತೊಲೆ ಮಣ್ಣಿಗೆ ತಾಗದಂತೆ ಕಲ್ಲಿನ ಮೇಲೆ ಕೂರಿಸಿದೆವು. ಹಲಗೆ ಹಲಗೆಯ ನಡುವೆ ಮೊಳೆಯಷ್ಟು ಸಂದು ಬಿಟ್ಟೆವು, ನೀರು ನಿಲ್ಲದಿರಲಿ, ಗಾಳಿಯಾಡಲಿ ಎಂದು. ನೀರು ಹೆಚ್ಚು ಹೀರುವುದು ಹಲಗೆಯ ಕೊಯ್ದ ತುದಿ. ಅದಕ್ಕೆ ಎರಡು ಸಲ ಹೆಚ್ಚಿಗೆ ಎಣ್ಣೆ ಕುಡಿಸಿದೆವು. ಕಬ್ಬಿಣದ ಮೊಳೆ ಇಂಥ ಮರದಲ್ಲಿ ಕಪ್ಪು ಕಲೆ ಬಿಡುತ್ತದೆ. ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ ಹಾಕಿಸಿದೆ.

ಕೆಲಸ ಮುಗಿದ ದಿನ ಅತ್ತೆ ಹೊಸ್ತಿಲಲ್ಲೇ ನಿಂತು, "ಇದ್ಯಾವ ಮರನೇ?" ಎಂದರು. ಮೊದಲ ಸಲ ಅವರಿಗೆ ಕೊಡಲು ನನ್ನ ಹತ್ತಿರ ಉತ್ತರವಿತ್ತು. ಕೋಲಿನಿಂದ ಒಂದೊಂದೇ ಹಲಗೆ ಕುಟ್ಟಿ ನೋಡಿದರು. ಇಳಿಯಲಿಲ್ಲ. ಇವತ್ತಿಗೂ ಇಳಿದಿಲ್ಲ, ಹೊಸ್ತಿಲ ಈಚೆಗೇ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಅವರನ್ನು ಒತ್ತಾಯಿಸುವ ಮುಖ ನನಗಿಲ್ಲ.

ಶಾಲೆಯ ಜಗಲಿ ಇನ್ನೂ ತೀರ್ಮಾನವಾಗಿಲ್ಲ. ಹುಡುಗರ ಮನಸ್ಸು ದೊಡ್ಡದು, ದುಡ್ಡು ಕಷ್ಟಪಟ್ಟು ದುಡಿದದ್ದು. ಅದಕ್ಕೇ ಅದು ಮೂರು ಮಳೆಗಾಲಕ್ಕೆ ಮಣ್ಣಾಗಬಾರದು. ಮುಂದಿನ ಸಭೆಗೆ ಪುಸ್ತಕ ತರಬೇಡಿ ಎಂದು ಪತ್ರ ಬರೆದಿದ್ದೇನೆ. ಏನೂ ಬಳಿಯದ, ಅಡ್ಡ ಕೊಯ್ದ ಒಂದು ತುಂಡು ಹಲಗೆ ತನ್ನಿ, ಮರದ ಹೆಸರು, ಕುಡಿಸಿದ ಔಷಧದ ಹೆಸರು ಅದರ ಮೇಲೆ ಬರೆದಿರಲಿ. ಕೆಚ್ಚು ಯಾವುದು, ಬಿಳಿ ಯಾವುದು ಎಂದು ಏಳನೇ ಕ್ಲಾಸಿನ ಮಕ್ಕಳಿಂದಲೇ ಹೇಳಿಸುತ್ತೇನೆ. ಅದರ ಮೇಲೆ ಕೂತು ಉಣ್ಣುವವರು ಅವರು. ಅವರು ಒಪ್ಪಿದ ಮೇಲೆ ಫಿನಿಶಿಂಗ್ ಮಾತಾಡೋಣ.